ಕಣ್ಣಿಗೆ ಕಾಣದವರ ಬಾಯಿ ಸಿಹಿ

ಈ ಕಥೆಯನ್ನು ಮೊದಲು ಹೇಳಿದವರು ವಾಡಿಯ ಟೇಲರ್ ಸಿರಾಜುದ್ದೀನರು. 1974ರ ದೀಪಾವಳಿ ಮುಗಿದ ಮೂರನೆಯ ದಿನ, ಸಂಜೆ ಸಿಮೆಂಟ್ ಕಾರ್ಖಾನೆಯ ಸೈರನ್ ಆದ ಮೇಲೆ, ತಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳಿದರು. ಕೇಳಿದವರು ಏಳೆಂಟು ಮಂದಿ. ಅವರಲ್ಲಿ ನಾನೂ ಒಬ್ಬ. ಹೇಳಿದರು ಅನ್ನುವುದಕ್ಕಿಂತ ಓದಿದರು ಅನ್ನಬೇಕು, ಯಾಕೆಂದರೆ ಕಥೆಯೆಲ್ಲ ಪತ್ರಗಳಲ್ಲೇ ಇತ್ತು.

ಕಾರ್ಖಾನೆಯ ಕ್ವಾರ್ಟರ್ಸಿನ ಚಂದಮ್ಮನಿಗೆ ಓದುಬರಹ ಬಾರದು. ಅವಳ ಗಂಡ ಸೂಗಪ್ಪ ನಿಜಾಮರ ಕಾಲದ ಶಾಲೆಯಲ್ಲಿ ಕಲಿತವನು. ಉರ್ದು ಬರೆಯುತ್ತಾನೆ, ಕನ್ನಡ ಅಕ್ಷರ ಬಾರದು. ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದುವ ಮಗಳು ವಿಮಲಾಗೆ ಕನ್ನಡ ಬರುತ್ತದೆ, ಉರ್ದು ಅಕ್ಷರ ಬಾರದು. ಹೀಗಾಗಿ ಅವ್ವ-ಮಗಳ ಪತ್ರಗಳನ್ನು ಓದುವುದು, ಬರೆಯುವುದು ಎರಡೂ ಕನ್ನಡ ಬಲ್ಲ ಸಿರಾಜುದ್ದೀನರ ಪಾಲಿಗೆ ಬಂದಿತ್ತು. ಅವರದ್ದೊಂದು ಗುಣ ಊರಿಗೆಲ್ಲ ಗೊತ್ತು: ಹೇಳಿದ್ದನ್ನೂ ಬರೆಯುತ್ತಾರೆ, ಹೇಳದ್ದನ್ನೂ ಬರೆಯುತ್ತಾರೆ.

ಆ ಸಂಜೆ ಚಂದಮ್ಮ ತನ್ನ ಟ್ರಂಕಿನಲ್ಲಿದ್ದ ಮಗಳ ಪತ್ರಗಳನ್ನೂ, ಹಬ್ಬಕ್ಕೆ ಬಂದ ಮಗಳು ವಾಪಸು ತಂದಿದ್ದ ಉತ್ತರಗಳನ್ನೂ ಸೆರಗಿನಲ್ಲಿ ತಂದು ಅವರ ಮುಂದೆ ಸುರಿದಳು. “ಎಲ್ಲಾರ್ಗೂ ಓದಿ ಹೇಳ್ರಿ ಸಿರಾಜಣ್ಣ. ಅರ್ಧಂಬರ್ಧ ಕೇಳಿ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ,” ಎಂದಳು.

ಅವರು ಕನ್ನಡಕ ಏರಿಸಿಕೊಂಡು ಓದಿದ್ದು ಹೀಗೆ.

*

ಹೈದರಾಬಾದ್,
14 ಜುಲೈ 1974

ಅವ್ವ, ಅಪ್ಪ ಇಬ್ಬರಿಗೂ ಶರಣಾರ್ಥಿ.

ಹೋದ ಭಾನುವಾರ ನೀವಿಬ್ಬರೂ ಬಂದು ನನ್ನ ಪ್ರಯೋಗಶಾಲೆಯನ್ನು ನೋಡಿದ್ದು ಇನ್ನೂ ಕಣ್ಣ ಮುಂದೆ ಇದೆ. ಅಪ್ಪ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದವರು ಏಳಲೇ ಇಲ್ಲ. ಅಷ್ಟು ಹೊತ್ತು ನೀನೊಬ್ಬಳೇ ಮೇಜಿನ ಹತ್ತಿರ ನಿಂತು ಬೇಸರಪಟ್ಟಿರಬೇಕು ಅವ್ವ.

ನೀನು ತಂದ ಗ್ಲೂಕೋಸ್ ಪುಡಿಯ ಡಬ್ಬಿಯಿಂದ ದಿನಾ ಒಂದು ಚಮಚ ನೀರಿಗೆ ಹಾಕಿ ಕುಡಿಯುತ್ತಿದ್ದೇನೆ. ಅಂಗಡಿಯವನು ನಿನಗೆ ಹಳೆಯ ಡಬ್ಬಿ ಕೊಟ್ಟನೋ ಏನೋ, ಒಳಗಿನ ಕಾಗದ ಮೊದಲೇ ಹರಿದಿತ್ತು. ಪುಡಿ ಮಾತ್ರ ಚೆನ್ನಾಗಿದೆ.

ಅಪ್ಪನಿಗೆ ಹೇಳು: ಅವರು ನೋಡಿದ ಕಡ್ಡಿಕಡ್ಡಿ ಜೀವಿಗಳಿಗೆ ಬ್ಯಾಕ್ಟೀರಿಯಾ ಎನ್ನುತ್ತಾರೆ. ನಮ್ಮೆಲ್ಲರ ಕರುಳಿನಲ್ಲೂ ಇರುತ್ತವೆ. ಅವಕ್ಕೆ ಹಾಲಿನ ಸಕ್ಕರೆ ಮಾತ್ರ ಉಣ್ಣಲು ಕೊಟ್ಟರೆ, ಎಷ್ಟು ನಿಮಿಷದಲ್ಲಿ ಅದನ್ನು ಒಡೆದು ತಿನ್ನಲು ಕಲಿಯುತ್ತವೆ ಎಂದು ಗಡಿಯಾರ ಹಿಡಿದು ನೋಡುವುದೇ ನನ್ನ ಕೆಲಸ. ಹಾಲಿನ ಸಕ್ಕರೆ ಎಂದರೆ ಹಾಲಿನಲ್ಲಿ ತಾನೇ ಇರುವ ಸಕ್ಕರೆ, ನಾಲಿಗೆಗೆ ಸಪ್ಪೆ. ಮೇಜಿನ ಮೇಲೆ ಅರಳೆಯ ಬಿರಡೆ ಹಾಕಿಟ್ಟಿದ್ದ ದೊಡ್ಡ ಬಾಟಲಿ ನೋಡಿದೆಯಲ್ಲ, ಅದೇ ಅವುಗಳ ಊಟ. ಮರುದಿನ ಅದನ್ನು ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಇಟ್ಟಿದ್ದೇನೆ. ನಾಡಿದ್ದು ಮಂಗಳವಾರ ಪ್ರಯೋಗ.

ನಿಮ್ಮ ಮಗಳು,
ವಿಮಲಾ

*

ವಾಡಿ,
28 ಜುಲೈ 1974

ಚಿರಂಜೀವಿ ವಿಮಲಾಗೆ ಅವ್ವನ ಆಶೀರ್ವಾದ. ಬರೆಯುವವನು ನಿನ್ನ ಸಿರಾಜ ಕಾಕಾ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪ ಕಾರ್ಖಾನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ “ನಾ ಹುಳ ನೋಡೀನಿ” ಎಂದು ಹೇಳುತ್ತಿದ್ದಾರೆ. ಪಕ್ಕದ ಮನೆಯ ಅನಸುಬಾಯಿ ಅದನ್ನು ಕೇಳಿ, “ಹುಳ ನೋಡಾಕ ಹೈದ್ರಾಬಾದಿಗಿ ಹೋಗಬೇಕೇನ್ರಿ? ನಮ್ಮ ಜೋಳದ ಚೀಲ ಬಿಚ್ಚಿದ್ರ ಬೇಕಾದಷ್ಟ ಅವ,” ಎಂದರು. ಅವರು ಈ ಸಲವೂ ಪಂಚಮಿಗೆ ಮಳಖೇಡದ ಅಣ್ಣನ ಮನೆಗೆ ಹೋಗಲಿಲ್ಲ. ಕೇಳಿದರೆ, “ನನ್ನ ರೇಡಿಯೋ ಮುರಿದ ಅತ್ತಿಗಿ ಇರೋ ಮನಿಗಿ ನಾ ಯಾಕ ಹೋಗ್ಲಿ?” ಅನ್ನುತ್ತಾರೆ. ಮೂರು ವರ್ಷದ ಹಳೆಯ ಜಗಳ.

ನಾನು ಹೊಸ ಹೊಲಿಗೆ ಮಷೀನು ತಂದೆ. ತಂದ ದಿನ ನಿನ್ನವ್ವ ಬಂದರು. ಅವರ ಪದ್ಧತಿ ನಿನಗೇ ಗೊತ್ತು. ಹೊಸ ಕೆಲಸ ಶುರುವಾದಲ್ಲಿ ಯಾರದಾದರೂ ಬಾಯಿ ಸಿಹಿ ಮಾಡದೆ ಬಿಡುವವರಲ್ಲ. ನಾನು ದಾರ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಷೀನಿನ ಸೂಜಿಯ ಬುಡಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿಬಿಟ್ಟಿದ್ದರು. ಎಂಟು ದಿನ ಇರುವೆ! ರೈಲ್ವೆ ಸ್ಟೇಷನ್ನಿನ ಮಜೀದಸಾಬರ ಪೈಜಾಮದ ಹೊಲಿಗೆಯೊಳಗೆ ಎರಡು ಇರುವೆ ಸೇರಿಹೋಗಿ, ಅವರು ಪ್ಲಾಟ್‌ಫಾರ್ಮಿನ ಮೇಲೆ ಕುಣಿದದ್ದನ್ನು ಮದ್ರಾಸ್ ಮೇಲ್‌ನವರೆಲ್ಲ ನೋಡಿದರು.

ಅವ್ವ ಬೇರೇನೂ ಕೇಳುತ್ತಿಲ್ಲ, ಒಂದೇ ಮಾತು ಕೇಳುತ್ತಿದ್ದಾರೆ: “ಆ ಹುಳ ಛಂದಾಗಿ ಉಂಡ್ವಾ ಕೇಳ್ರಿ.” ಮೂರು ಸಲ ಕೇಳಿದರು. ಬರೆದಿದ್ದೇನೆ.

ಅವ್ವ ಚಂದಮ್ಮ,
ಬರೆದವನು ಸಿರಾಜುದ್ದೀನ

*

ಹೈದರಾಬಾದ್,
11 ಆಗಸ್ಟ್ 1974

ಅವ್ವ, ಅಪ್ಪ, ಸಿರಾಜ ಕಾಕಾ, ಎಲ್ಲರಿಗೂ ಶರಣು.

ಇರುವೆಯ ಸುದ್ದಿ ಓದಿ ಹಾಸ್ಟೆಲಿನ ಹುಡುಗಿಯರೆಲ್ಲ ನಕ್ಕೆವು. ನನಗೆ ನಗು ಬೇಕಾಗಿತ್ತು. ಇಲ್ಲೊಂದು ಪೇಚಿಗೆ ಸಿಕ್ಕಿದ್ದೇನೆ.

ಪ್ರಯೋಗದ ದಿನ ಹೀಗಾಯಿತು. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಒಡೆಯಲು ತೊಡಗಿದ್ದು ಗೊತ್ತಾಗಲು ಒಂದು ಔಷಧ ಇದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ತೆಗೆದು ಆ ಔಷಧಕ್ಕೆ ಹಾಕಿದರೆ ಹಳದಿ ಬಣ್ಣ ಬರಬೇಕು. ಬೇಗನೇ ಬರಬೇಕಾದ ಹಳದಿ ಬರಲೇ ಇಲ್ಲ. ಆದರೆ ಬ್ಯಾಕ್ಟೀರಿಯಾ ಏನನ್ನೋ ಉಂಡು ಭರದಿಂದ ಬೆಳೆಯುತ್ತಿದ್ದವು! ಆಮೇಲೆ ಬೆಳೆಯುವುದನ್ನೂ ನಿಲ್ಲಿಸಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುಮ್ಮನಿದ್ದವು. ಆಮೇಲೆ ಹಳದಿ ಬಂತು, ಮತ್ತೆ ಬೆಳೆದವು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ.

ಇದರಲ್ಲಿ ಪೇಚೇನು ಎಂದರೆ, ಎರಡು ಸಕ್ಕರೆ ಇದ್ದಾಗ ಮಾತ್ರ ಹೀಗಾಗುತ್ತದೆ. ಅವ್ವನಿಗೆ ತಿಳಿಯುವಂತೆ ಹೇಳುತ್ತೇನೆ. ಹಾಲಿನ ಸಕ್ಕರೆಯನ್ನು ಕತ್ತರಿಸಲು ಬ್ಯಾಕ್ಟೀರಿಯಾಕ್ಕೆ ಒಂದು ಕತ್ತರಿ ಬೇಕು. ಆ ಕತ್ತರಿ ಸದಾ ತಯಾರಿರುವುದಿಲ್ಲ. ಅದನ್ನು ಮಾಡುವ ಅಳತೆಯ ಕಾಗದ ಮಾತ್ರ ಒಂದು ಟ್ರಂಕಿನಲ್ಲಿದೆ ಎಂದುಕೋ. ಆ ಕಾಗದಕ್ಕೆ ನಾವು ಜೀನ್ ಎನ್ನುತ್ತೇವೆ. ಅನಸು ಮೌಶಿ ಯಾರಿಗೂ ಮುಟ್ಟಗೊಡದೆ ತಮ್ಮ ಟ್ರಂಕಿನ ಮೇಲೆ ಕೂತ ಹಾಗೆ, ಅದರ ಮೇಲೂ ಒಂದು ಕಾವಲು ಸದಾ ಕೂತಿರುತ್ತದೆ. ಹಾಲಿನ ಸಕ್ಕರೆ ಒಳಗೆ ಬಂದರೆ ಅದು ಕಾವಲಿನ ಕೈ ಹಿಡಿದು ಎಬ್ಬಿಸುತ್ತದೆ. ಅಷ್ಟೇ ಸಾಲದು; ಒಳಗಿನಿಂದ ಯಾರೋ “ಹಸಿವಾಗಿದೆ” ಎಂದು ಕೂಗಬೇಕು. ಆಗ ಟ್ರಂಕು ತೆರೆದು, ಕಾಗದ ನೋಡಿ, ಕತ್ತರಿ ತಯಾರಾಗುತ್ತದೆ. ಆದರೆ ಗ್ಲೂಕೋಸು ಕತ್ತರಿಯಿಲ್ಲದೆ ಹಾಗೇ ಉಣ್ಣಬಹುದಾದ ಸಲೀಸು ಸಕ್ಕರೆ. ಅದು ಇರುವ ತನಕ ಯಾರೂ ಹಸಿವೆಂದು ಕೂಗುವುದಿಲ್ಲ. ಹಾಲಿನ ಸಕ್ಕರೆ ಹೊರಗೇ ಕಾಯುತ್ತದೆ. ಗ್ಲೂಕೋಸು ಮುಗಿದ ಮೇಲೆ ಕತ್ತರಿ ಮಾಡಲು ಸ್ವಲ್ಪ ಹೊತ್ತು. ಆಮೇಲೆ ಎರಡನೆಯ ಊಟ.

ನನ್ನ ಬಾಟಲಿಯಲ್ಲಿ ಗ್ಲೂಕೋಸ್ ಇರಲಿಲ್ಲ. ನಾನೇ ತೂಗಿ ಹಾಕಿದ್ದೇನೆ, ಬರೆದಿಟ್ಟಿದ್ದೇನೆ. ಪ್ರೊಫೆಸರ್ ನನ್ನ ಹಾಳೆ ನೋಡಿ, “ಇದು ಪುಸ್ತಕದಲ್ಲಿರುವ ಎರಡು ಸಕ್ಕರೆಯ ಚಿತ್ರ. ನೀನು ಪ್ರಯೋಗ ಮಾಡಿದೆಯಾ, ಪುಸ್ತಕ ನೋಡಿ ಅಂಕಿ ಬರೆದೆಯಾ?” ಎಂದರು. ಎಲ್ಲರ ಮುಂದೆ ಕೇಳಿದರು ಅವ್ವ.

ಮುಂದೆ ಸಂಶೋಧನೆಗೆ ಒಂದೇ ಸೀಟು ಇದೆ. ಅಕ್ಟೋಬರ್ ಹತ್ತಕ್ಕೆ ಅವರು ಹೆಸರು ಕಳಿಸಬೇಕು. ಸುಳ್ಳು ಅಂಕಿ ಬರೆಯುವವರ ಹೆಸರನ್ನು ಯಾರು ಕಳಿಸುತ್ತಾರೆ?

ನೀನು ಕಾಳಜಿ ಮಾಡಬೇಡ. ಹೊಸ ಊಟ ಮಾಡಿ ಇನ್ನೊಮ್ಮೆ ಪ್ರಯೋಗ ಮಾಡುತ್ತೇನೆ.

ವಿಮಲಾ

*

ವಾಡಿ,
25 ಆಗಸ್ಟ್ 1974

ಚಿ. ವಿಮಲಾಗೆ ಅವ್ವನ ಆಶೀರ್ವಾದ.

ನಿನ್ನ ಪತ್ರ ಓದಿದೆ. ಟ್ರಂಕಿನ ಮಾತು ಬಂದಾಗ ಅನಸುಬಾಯಿ ಇಲ್ಲೇ ಇದ್ದರು. ನಾನು ಅವರ ಹೆಸರು ನುಂಗಲು ನೋಡಿದೆ, ಆಗಲಿಲ್ಲ. ಅವರು ಒಂದು ಗಳಿಗೆ ಮುಖ ಊದಿಸಿ, ಆಮೇಲೆ, “ಪುಸ್ತಕದಾಗ ನನ್ನ ಹೆಸ್ರು ಬರ್ತದೇನು?” ಎಂದು ಕೇಳಿದರು. ಉತ್ತರ ಬರೆ.

ಅವ್ವ ಹೇಳುವುದು: ಎಲ್ಲರೂ ಕ್ಷೇಮ. ಎಮ್ಮೆ ಕರು ಹಾಕಿದೆ. ಮಳೆ ಆಗಿದೆ. ಹೊಟ್ಟೆತುಂಬ ಉಣ್ಣು.

ಇಷ್ಟೇ.

(ಕಾಕಾನ ಮಾತು: ಎಂದಾದರೂ ನಿನ್ನವ್ವ ನಾಲ್ಕೇ ಮಾತಿಗೆ ಪತ್ರ ಮುಗಿಸಿದ್ದುಂಟೇ? ಗ್ಲೂಕೋಸಿನ ಮಾತು ಓದಿದಾಗ ನೀರು ಬೇಡಿದರು. ಮೂರು ಸಲ ಎದ್ದು ಹೊರಟು ಮತ್ತೆ ಕೂತರು. “ಇನ್ನೇನ ಬರೀಲ್ರಿ ಅಕ್ಕಾ?” ಎಂದರೆ ಅನಸುಬಾಯಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, “ಎಮ್ಮಿ ಕರಾ ಹೆಣ್ಣದಂತ ಬರೀರಿ” ಎಂದರು.)

ಅವ್ವ ಚಂದಮ್ಮ

*

ಹೈದರಾಬಾದ್,
15 ಸೆಪ್ಟೆಂಬರ್ 1974

ಅವ್ವನಿಗೆ ಶರಣಾರ್ಥಿ.

ಮೂರು ವಾರವಾಯಿತು, ನಿನ್ನ ಪತ್ರ ಇಲ್ಲ. ಮೈಯಲ್ಲಿ ಹುಷಾರಾಗಿದ್ದೀಯಲ್ಲ?

ಹೊಸ ಊಟ ಮಾಡಿ ಮೂರು ಸಲ ಪ್ರಯೋಗ ಮಾಡಿದೆ. ಮೂರು ಸಲವೂ ಹಳದಿ ಬೇಗನೇ ಬಂತು, ನಡುವೆ ನಿಲ್ಲಲೇ ಇಲ್ಲ. ಸರಿಯಾಗಿ ಬಂದದ್ದೇ ತಪ್ಪಾಯಿತು ನೋಡು! “ಹಾಗಾದರೆ ಮೊದಲನೆಯದು ಕಟ್ಟುಕತೆ ಅಂತಾಯಿತಲ್ಲ,” ಎಂದರು ಪ್ರೊಫೆಸರ್. ಹಳೆಯ ಬಾಟಲಿಯಲ್ಲಿ ಒಂದು ಹನಿಯೂ ಉಳಿದಿಲ್ಲ, ತೋರಿಸೋಣವೆಂದರೆ.

ಅವರು ಕೆಟ್ಟವರಲ್ಲ. ಕರೆದು ಕೂರಿಸಿ, “ಮೊದಲನೆಯ ಹಾಳೆ ಹರಿದುಬಿಡು. ಅಂಕಿ ತಪ್ಪಾಗಿ ಬರೆದೆ ಎಂದು ಒಂದು ಚೀಟಿ ಕೊಡು. ನಾನು ಮರೆತುಬಿಡುತ್ತೇನೆ,” ಎಂದರು. ನಾನು ತಪ್ಪಾಗಿ ಬರೆದಿಲ್ಲ ಅವ್ವ. ಆ ಹಾಳೆ ಹರಿಯಲು ಕೈ ಬರುತ್ತಿಲ್ಲ. ಹರಿಯದಿದ್ದರೆ ಸೀಟು ಇಲ್ಲ.

ಅನಸು ಮೌಶಿಗೆ ಹೇಳು, ಪುಸ್ತಕದಲ್ಲಿ ಬರದಿದ್ದರೂ ಪರೀಕ್ಷೆಯಲ್ಲಿ ನನಗೆ ನೆನಪಾಗುವುದು ಅವರೇ.

ವಿಮಲಾ

*

ವಾಡಿ,
22 ಸೆಪ್ಟೆಂಬರ್ 1974

ಚಿ. ವಿಮಲಾಗೆ ಅವ್ವನ ಆಶೀರ್ವಾದ.

ಅವ್ವನ ಅಪ್ಪಣೆಯಾಗಿದೆ: ಇವತ್ತು ನಡೆದದ್ದನ್ನೆಲ್ಲ, ಆಡಿದ್ದನ್ನು ಆಡಿದ ಹಾಗೆಯೇ ಬರೆಯಬೇಕು.

ನಿನ್ನ ಪತ್ರ ಬೆಳಿಗ್ಗೆ ಬಂತು. ನಾನು ಓದುವಾಗ ಅಂಗಡಿಯಲ್ಲಿ ಅನಸುಬಾಯಿ ಇದ್ದರು, ಪೈಜಾಮ ಒಯ್ಯಲು ಬಂದ ಮಜೀದಸಾಬರೂ ಇದ್ದರು. “ಹರಿಯಲು ಕೈ ಬರುತ್ತಿಲ್ಲ” ಎಂಬಲ್ಲಿಗೆ ಬಂದಾಗ ಅವ್ವ, “ಸಾಕು, ನಿಂದ್ರಸ್ರಿ. ಕಾಗದ ತೊಗೋರಿ,” ಎಂದರು. ಅವರ ಮುಖ ನೋಡಿ ನಾನು, “ಮಜೀದಭಾಯಿ, ಜರಾ ಹೊರಗ ಚಹಾ ಕುಡ್ದು ಬರ್ರಿ. ಅನಸಕ್ಕಾ, ನೀವೂ...” ಎಂದೆ.

“ನಾ ಚಹಾ ಕುಡಿಯಂಗಿಲ್ಲ,” ಎಂದು ಅನಸುಬಾಯಿ ಇನ್ನೂ ಗಟ್ಟಿಯಾಗಿ ಕೂತರು.

ಅವ್ವ ಎಂದರು: “ಇರ್ಲಿ, ಕುಂದ್ರಿ ಎಲ್ಲಾರೂ. ಒಂದ ತಿಂಗಳಾತು, ಈ ಅಂಗಡಿ ಮುಂದ ಬಂದು ಬಂದು ಹೊಳ್ಳಿ ಹೋಗೀನಿ. ಇವ್ರು ಎದ್ದು ಹೋಗ್ಲಿ, ಆಮ್ಯಾಲ ಹೇಳ್ತೀನಿ ಅಂತ. ಸಿರಾಜಣ್ಣ ಒಬ್ಬನೇ ಇದ್ದಾಗ, ಇವಗ ಹೇಳಿದ್ರ ಊರಿಗೇ ಹೇಳಿದಂಗಂತ. ನನ್ನ ಮಾನ ನೋಡ್ಕೋತ ಕುಂತ್ರ ನನ್ನ ಮಗಳ ಮಾನ ಹೋಗಾಕತ್ತದ. ಬರೀರಿ.”

ಇನ್ನು ಅವ್ವನ ಮಾತು:

“ವಿಮಲಾ, ನೀ ಸುಳ್ಳ ಬರದಿಲ್ಲ ನನ್ನವ್ವ. ಆ ಬಾಟ್ಲಿಯಾಗ ಗ್ಲೂಕೋಸ್ ಹಾಕ್ದಾಕಿ ನಾ. ನಿಮ್ಮಪ್ಪ ಆ ದುರ್ಬೀನದಾಗ ನೋಡಾಕತ್ತಿದ್ರು, ನೀ ಅವರಿಗಿ ತೋರ್ಸಾಕತ್ತಿದ್ದಿ. ನಾ ಒಬ್ಬಾಕೇ ನಿಂತಿದ್ದೆ. ಮಗಳು ಹೊಸ ಕೆಲಸ ಶುರು ಮಾಡ್ಯಾಳ, ಯಾರ ಬಾಯೀನೂ ಸಿಹಿ ಮಾಡಿಲ್ಲ ಅನಿಸ್ತು. ಆ ಹುಳದ ಊಟ ಬೆರಳಿಗಿ ಹಚ್ಚಿ ನೋಡ್ದೆ, ಬರೇ ಉಪ್ಪುಪ್ಪು. ಕರುಳು ಚುರ್ ಅಂತು. ಡಬ್ಬಿ ಒಡದು ಮೂರು ಬೆರಳಿನಾಗ ಬಂದಷ್ಟು ಪುಡಿ ಹಾಕಿ, ಅರಳಿ ಹೆಂಗಿತ್ತೋ ಹಂಗ ಮುಚ್ಚಿ ಬಿಟ್ಟೆ. ಒಳ್ಳೇದಾಗ್ಲಿ ಅಂತ ಹಾಕೀನಿ. ನಿನಗ ಹೇಳಾಕ ಧೈರ್ಯ ಆಗ್ಲಿಲ್ಲ. ಆ ಹಾಳಿ ಹರೀಬ್ಯಾಡ. ನಿಮ್ಮ ಪ್ರೊಫೆಸರಗ ಈ ಪತ್ರ ತೋರ್ಸು. ಬೇಕಂದ್ರ ನಾನೇ ಬಂದು ಅವ್ರ ಮುಂದ ನಿಂತು ಹೇಳ್ತೀನಿ.”

ಅವ್ವನ ಮಾತು ಇಷ್ಟೇ. ಅನಸುಬಾಯಿ ಈಗ ನಗುತ್ತಾರೆ, ಆಗ ನಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತರು. ಮಜೀದಸಾಬರೊಬ್ಬರೇ ಕೇಳಿದರು: “ಅಂದ್ರ, ನನ್ನ ಪೈಜಾಮಿನಾಗಿನ ಇರುವಿ...?”

ಅವ್ವ ನಕ್ಕರು. ಒಂದು ತಿಂಗಳ ಮೇಲೆ ನಕ್ಕದ್ದು.

ಅವ್ವ ಚಂದಮ್ಮ (ಹೆಬ್ಬೆರಳಿನ ಗುರುತು ಹಾಕಿದ್ದಾರೆ. ಪ್ರೊಫೆಸರರು ನಂಬಬೇಕಲ್ಲ.)
ಸಾಕ್ಷಿ: ಅನಸುಬಾಯಿ, ಮಜೀದಸಾಬ
ಬರೆದವನು ಸಿರಾಜುದ್ದೀನ

*

ಹೈದರಾಬಾದ್,
6 ಅಕ್ಟೋಬರ್ 1974

ನನ್ನ ಅವ್ವನಿಗೆ ಸಾವಿರ ಶರಣು.

ನಿನ್ನ ಪತ್ರ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ಡಬ್ಬಿ ತೆಗೆದುಕೊಂಡು ಓಡಿದೆ.

ಪ್ರೊಫೆಸರರಿಗೆ ಕನ್ನಡ ಬಾರದು. ನಾನೇ ಸಾಲು ಸಾಲಾಗಿ ಅರ್ಥ ಹೇಳಿದೆ. ಹೆಬ್ಬೆರಳಿನ ಗುರುತನ್ನು ಬಹಳ ಹೊತ್ತು ನೋಡಿದರು. “ಪತ್ರ ಸರಿ, ಪ್ರಯೋಗ ಏನು ಹೇಳುತ್ತದೆ ನೋಡೋಣ,” ಎಂದರು. ನಾನು ಮೂರು ಬಾಟಲಿ ಇಟ್ಟೆ. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ನಿನ್ನ ಡಬ್ಬಿಯಿಂದ ಒಂದು ಚಿಟಿಕೆ. ಇನ್ನೊಂದಕ್ಕೆ ಎರಡು ಚಿಟಿಕೆ. ಪ್ರೊಫೆಸರ್ ಊಟಕ್ಕೂ ಹೋಗದೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು.

ಏನೂ ಹಾಕದ್ದರಲ್ಲಿ ಹಳದಿ ಮೊದಲು ಬಂತು. ಒಂದು ಚಿಟಿಕೆ ಹಾಕಿದ್ದು ಬೆಳೆಯಿತು, ನಿಂತಿತು, ಆಮೇಲೆ ಹಳದಿಯಾಯಿತು. ಜುಲೈ ತಿಂಗಳ ನನ್ನ ಹಾಳೆಯಲ್ಲಿ ಇದ್ದ ಗೆರೆಯೇ. ಎರಡು ಚಿಟಿಕೆಯದ್ದು ಇನ್ನೂ ತಡವಾಗಿ. ಪ್ರೊಫೆಸರ್ ಎದ್ದು ನನ್ನ ಹಳೆಯ ಹಾಳೆ ತರಿಸಿ, ಅದರ ಕೆಳಗೆ ತಮ್ಮ ಕೈಯಿಂದಲೇ ಬರೆದರು: “ಅಂಕಿಗಳೆಲ್ಲ ಸರಿ. ಗ್ಲೂಕೋಸ್, ತಾಯಿಯಿಂದ.” ಎಲ್ಲರ ಮುಂದೆ ಕೇಳಿದ್ದರಲ್ಲ, ಎಲ್ಲರ ಮುಂದೆಯೇ “ನನ್ನದು ತಪ್ಪಾಯಿತು” ಎಂದರು. ನನ್ನ ಹೆಸರು ಮೊನ್ನೆಯೇ ಕಳಿಸಿದ್ದಾರೆ. ನಿನ್ನನ್ನು ಇನ್ನೊಮ್ಮೆ ಪ್ರಯೋಗಶಾಲೆಗೆ ಕರೆದಿದ್ದಾರೆ, ಕೈ ಬೀಸಿಕೊಂಡು ಬರಬೇಕಂತೆ!

ನಡುವೆ ಬ್ಯಾಕ್ಟೀರಿಯಾ ಸುಮ್ಮನಾದಾಗ, ಬಾಟಲಿಯ ಮುಂದೆ ಕೂತು ನೀನು ಸುಮ್ಮನಿದ್ದ ಒಂದು ತಿಂಗಳನ್ನು ನೆನೆದೆ. ಎಮ್ಮೆ, ಕರು, ಮಳೆ ಎಲ್ಲ ಮುಗಿದ ಮೇಲಿನ ತಿಂಗಳು. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಆ ಹೊತ್ತಿನಲ್ಲೇ ಒಳಗೆ ಕತ್ತರಿ ತಯಾರಾಗುತ್ತಿರುತ್ತದೆ ಅವ್ವ.

ದೀಪಾವಳಿಗೆ ಬರುತ್ತೇನೆ.

ನಿನ್ನ
ವಿಮಲಾ

*

ಸಿರಾಜುದ್ದೀನರು ಕನ್ನಡಕ ತೆಗೆದು ಪತ್ರಗಳನ್ನು ಜೋಡಿಸಿದರು. ಚಂದಮ್ಮ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡಳು. ವಿಮಲಾ ಅವ್ವನ ಬೆನ್ನಿಗೆ ಒರಗಿ ಕೂತಿದ್ದಳು. ನಾವೆಲ್ಲ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಸಿರಾಜುದ್ದೀನರು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಜನ ಕೂತಿದ್ದರು. ಎಲ್ಲರೂ ಹಿಂದಿನ ಸಂಜೆ ಕಥೆ ಕೇಳಿದವರೇ. ಎಲ್ಲರ ಕೈಯಲ್ಲೂ ಅಂಚೆ ಕಚೇರಿಯ ನೀಲಿ ಕಾಗದ. ಮೊದಲನೆಯ ಜಾಗದಲ್ಲಿ ಅನಸುಬಾಯಿ.

“ಮಳಖೇಡಕ್ಕ ಬರೀರಿ, ಅಣ್ಣಗ,” ಎಂದರು. “ಅತ್ತಿಗಿ ರೇಡಿಯೋ ಮುರಿದಿಲ್ಲ. ಧೂಳ ಹಿಡದಿತ್ತಂತ ನಾನೇ ಹಿಂದಿನ ಮುಚ್ಚಳ ಬಿಚ್ಚಿ ನೀರಾಗ ಅದ್ದಿದ ಬಟ್ಟಿಲೆ ಒರಸೀನಿ. ಒಳಗಿಂದೂ.”

“ಒಳಗಿಂದೂ?”

“ಸಾಬೂನ ಹಚ್ಚಿ. ಬರೀರಿ, ನಗಬ್ಯಾಡ್ರಿ.”

ಅವರ ಹಿಂದೆ ಮಜೀದಸಾಬರಿದ್ದರು, ಶಹಾಬಾದಿನ ಭಾವನಿಗೆ ಬರೆಸಬೇಕಾಗಿತ್ತು. ನಾನು ನಾಲ್ಕನೆಯವನು, ನನ್ನದೇನೆಂದು ಇಲ್ಲಿ ಹೇಳುವುದಿಲ್ಲ, ಸಿರಾಜುದ್ದೀನರನ್ನು ಕೇಳಿದರೆ ಅವರೇ ಹೇಳುತ್ತಾರೆ.

ಅಷ್ಟರಲ್ಲಿ ಚಂದಮ್ಮ ಬಂದಳು. ಇಷ್ಟು ಜನ ಪತ್ರ ಬರೆಸಲು ಕೂತದ್ದನ್ನು ನೋಡಿದಳು, ಸೊಂಟದ ಚೀಲದಿಂದ ಸಕ್ಕರೆಯ ಪುಡಿಕೆ ತೆಗೆದಳು. ಸಿರಾಜುದ್ದೀನರು ಪೆನ್ನು ಬಿಟ್ಟು ಎರಡೂ ಕೈಯಿಂದ ಹೊಲಿಗೆ ಮಷೀನನ್ನು ತಬ್ಬಿಕೊಂಡರು.

“ಮಷೀನಿಗಿ ಬ್ಯಾಡ್ರಿ ಅಕ್ಕಾ!”

“ಹೆದರಬ್ಯಾಡ್ರಿ,” ಎಂದು ಚಂದಮ್ಮ ಮೂರು ಬೆರಳಿನಲ್ಲಿ ಸಕ್ಕರೆ ಎತ್ತಿ, ಅನಸುಬಾಯಿಯ ಬಾಯಿಗೆ ಹಾಕಿದಳು.